ಮಗುವಿನ ಫೋನು ಕಳವಾದಾಗ

(ಸಂಘದ ತಿಂಗಳ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣ)



ನಿಮ್ಮ ಮುಂದೆ ಮಾತಿಗೆ ನಿಂತಿರುವವನು ವಕೀಲನಲ್ಲ, ವಿದ್ವಾಂಸನೂ ಅಲ್ಲ. 1968ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಉಡುಪಿಯ ಕಡೆಯ ಒಂದು ಹಳ್ಳಿಯಿಂದ ಈ ಮುಂಬಯಿಗೆ ಬಂದವನು. ಕಪ್ಪು ಬಸಿ ತೊಳೆದೆ, ಮೇಜು ಒರಸಿದೆ, ವೇಟರನಾದೆ, ಕೊನೆಗೆ ಗಲ್ಲೆಯ ಮೇಲೆ ಕುಳಿತು ನಿವೃತ್ತನಾದೆ. ನಾಲ್ಕಕ್ಷರ ಕಲಿತದ್ದು ರಾತ್ರಿ ಶಾಲೆಯ ಋಣ. ಇಂಥವನನ್ನು ವೇದಿಕೆಗೆ ಕರೆದ ಕಾರ್ಯದರ್ಶಿಗಳ ಧೈರ್ಯಕ್ಕೆ ಮೊದಲು ವಂದನೆ.

ಸಂಬಳ, ರಜೆ, ಪ್ರಾವಿಡೆಂಟ್ ಫಂಡುಗಳ ವಿಷಯ ನೀವು ಈ ಸಭಾಗೃಹದಲ್ಲಿ ಬೇಕಾದಷ್ಟು ಕೇಳಿದ್ದೀರಿ. ಇಂದು ನಾನು ಮನೆಯ ಒಂದು ವಿಷಯವನ್ನು ಎತ್ತಿಕೊಳ್ಳಲು ಅಪ್ಪಣೆ ಬೇಡುತ್ತೇನೆ. ಈಚೆಗೆ ನಮ್ಮ ಹಲವು ಸದಸ್ಯರು ನನ್ನ ಹತ್ತಿರ ಬಂದು ಒಂದೇ ಪ್ರಶ್ನೆ ಕೇಳಿದರು: "ಮಗುವಿನ ಫೋನು ಕಳವಾಯಿತು. ಪೋಲೀಸರಿಗೆ ಹೇಳಬೇಕೋ, ಬೇಡವೋ?" ಇವರೆಲ್ಲ ನನ್ನನ್ನೇ ಏಕೆ ಕೇಳಿದರೆಂದರೆ, ಕಳೆದ ವರ್ಷ ಈ ಕಷ್ಟ ನಮ್ಮ ಮನೆಗೇ ಬಂದಿತ್ತು. ಅದರಲ್ಲಿ ನಾವು ಒಂದು ಸರಿ ಕೆಲಸ ಮಾಡಿದೆವು, ಒಂದು ದೊಡ್ಡ ತಪ್ಪನ್ನೂ ಮಾಡಿದೆವು. ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಹುಡುಗರಿಗೆ ಫೋನೇಕೆ ಬೇಕು ಎಂದು ಕೇಳುವ ಹಿರಿಯರು ಈ ಸಭೆಯಲ್ಲಿದ್ದಾರೆ. ನಾನೂ ಹಾಗೆಯೇ ಕೇಳುತ್ತಿದ್ದೆ. ಆದರೆ 2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಫೋನಿನೊಳಕ್ಕೆ ಹೋಯಿತು. ಶಾಲೆ ತೆರೆದ ಮೇಲೂ ಅಭ್ಯಾಸದ ಹಾಳೆ, ಪರೀಕ್ಷೆಯ ವೇಳೆ, ಮಾಸ್ತರರ ಸೂಚನೆ ಎಲ್ಲವೂ ಅದರಲ್ಲೇ ಬರುತ್ತವೆ. ನನ್ನ ಮಗ ಹೋಟೆಲಿನಲ್ಲಿ ವೇಟರ್. ಹದಿಮೂರು ವರ್ಷದ ಮೊಮ್ಮಗನಿಗಾಗಿ ಹನ್ನೊಂದೂವರೆ ಸಾವಿರ ರೂಪಾಯಿಯ ಫೋನನ್ನು ಕಂತಿನ ಮೇಲೆ ಕೊಂಡಿದ್ದ. ಕಳವಾದ ದಿನ ಇನ್ನೂ ಎರಡು ಕಂತು ಬಾಕಿಯಿತ್ತು. ವಸ್ತು ಹೋದರೂ ಕಂತು ಹೋಗುವುದಿಲ್ಲ. ಇದು ನಮ್ಮಂಥವರಿಗೆ ಮಾತ್ರ ತಿಳಿಯುವ ಲೆಕ್ಕ.

ಒಂದು ಶನಿವಾರ ಸಂಜೆ ಹುಡುಗರು ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಏಳೆಂಟು ಚೀಲಗಳು ಗೋಡೆಯ ಬುಡದಲ್ಲಿ ರಾಶಿಯಾಗಿದ್ದವು. ಆಟ ಮುಗಿದು ನೋಡಿದರೆ ಮೊಮ್ಮಗನ ಚೀಲದಲ್ಲಿ ಫೋನು ಇಲ್ಲ. ಅವನು ಅಳುತ್ತಾ ಮನೆಗೆ ಬಂದ. ಯಾರಾದರೂ ಆಟದ ನಡುವೆ ಎದ್ದುಹೋದರೇ ಎಂದು ಎಲ್ಲರೂ ಕೇಳಿದರು. ಒಬ್ಬ ಹುಡುಗ ಹೋಗಿದ್ದನಂತೆ. ಅವನು ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದ ಕುಟುಂಬದವನು, ತಂದೆ ಇಲ್ಲ, ತಾಯಿ ನನ್ನ ಮಗನ ಹೋಟೆಲಿನಲ್ಲೇ ಪಾತ್ರೆ ತೊಳೆಯುವವಳು. ನಮ್ಮ ಚಾಳಿನ ಹಿಂದಿನ ಗಲ್ಲಿಯ ಜೋಪಡಿಯಲ್ಲಿ ವಾಸ. ಇಷ್ಟೇ ಸಾಕಾಯಿತು. ಅವನು ಏಕೆ ಎದ್ದುಹೋದನೆಂದು ಯಾರೂ ವಿಚಾರಿಸಲಿಲ್ಲ.

ಅಂದು ರಾತ್ರಿ ನಮ್ಮ ಖೋಲಿಯಲ್ಲಿ ಮೂರು ಮತಗಳಾದವು. "ಮಾವ, ಈಗಲೇ ಪೋಲೀಸರಿಗೆ ಹೇಳಿಬಿಡೋಣ" ಎಂದಳು ಸೊಸೆ. "ಠಾಣೆಯ ಮೆಟ್ಟಿಲು ಹತ್ತಿದರೆ ಒಂದು ಪಾಳಿಯ ಸಂಬಳ ಹೋಗುತ್ತದೆ, ಫೋನೂ ಸಿಗುವುದಿಲ್ಲ, ಬಿಟ್ಟುಬಿಡೋಣ" ಎಂದ ಮಗ. "ಪೋಲೀಸರು ಅವನನ್ನು ಹೊಡೆದರೆ?" ಎಂದು ಕೇಳಿದವನು ಮೊಮ್ಮಗ. ಕಳಕೊಂಡವನು ಅವನೇ, ಆದರೂ ಅವನಿಗಿದ್ದ ಚಿಂತೆ ಗೆಳೆಯನದು. ಬೆಳಿಗ್ಗೆ ನೋಡೋಣವೆಂದು ಮಲಗಿದೆವು.

ಆದರೆ ಬೆಳಿಗ್ಗೆಯ ಹೊತ್ತಿಗೆ ಕೆಲಸ ಕೆಟ್ಟಿತ್ತು. ರಾತ್ರಿಯೇ ಚಾಳಿನ ಇಬ್ಬರು ಯುವಕರು ನಮಗೆ ಉಪಕಾರ ಮಾಡುವ ಉದ್ದೇಶದಿಂದಲೇ ಆ ಹುಡುಗನನ್ನು ಕರೆತಂದು, ಗಚ್ಚಿಯ ಮೇಲೆ ನಿಲ್ಲಿಸಿ, ಚೀಲ ಹುಡುಕಿ, ಎರಡು ಬಿಗಿದಿದ್ದರು. ಚೀಲದಲ್ಲಿ ಏನೂ ಸಿಗಲಿಲ್ಲ. ಬೆಳಿಗ್ಗೆ ನಳದ ಬಳಿ ಸೊಸೆ ಆ ತಾಯಿಯನ್ನು ನಾಲ್ಕು ಹೆಂಗಸರೆದುರು ಕೇಳಿಯೇಬಿಟ್ಟಳು. ಹತ್ತು ಗಂಟೆಗೆ ಸುದ್ದಿ ಹೋಟೆಲಿಗೆ ಮುಟ್ಟಿತು. ಮೆನೇಜರರು ಆಕೆಗೆ, "ಸದ್ಯಕ್ಕೆ ಬರಬೇಡ, ಎಲ್ಲ ತಿಳಿಯಾದ ಮೇಲೆ ನೋಡೋಣ" ಎಂದರು. ಪೋಲೀಸರಿಗೆ ಒಂದು ಅಕ್ಷರವೂ ತಿಳಿಯುವ ಮೊದಲೇ ಆ ಮನೆಗೆ ಶಿಕ್ಷೆ ಆಗಿಹೋಗಿತ್ತು.

ಬಂಧುಗಳೇ, ರಾತ್ರಿ ಗಚ್ಚಿಯ ಸದ್ದು ನನ್ನ ಕಿವಿಗೆ ಬಿದ್ದಿತ್ತು. ಎದ್ದು ಹೋಗಿ "ಬೇಡಿರಪ್ಪ" ಎಂದಿದ್ದರೆ ಅವರು ಬಿಡುತ್ತಿದ್ದರು. ನನ್ನ ಮಾತಿಗೆ ಚಾಳಿನಲ್ಲಿ ಅಷ್ಟು ಬೆಲೆಯಿದೆ. ನಾನು ಏಳಲಿಲ್ಲ. ಹೋದದ್ದು ನಮ್ಮ ಫೋನಲ್ಲವೇ ಎಂಬ ಸಣ್ಣ ಬುದ್ಧಿ ನನ್ನನ್ನು ಹಾಸಿಗೆಯಲ್ಲೇ ಹಿಡಿದಿಟ್ಟಿತು.

ಮಿಕ್ಕವರಿಗಿಂತ ಈ ತಪ್ಪು ನನ್ನಲ್ಲಿ ದೊಡ್ಡದು. ಏಕೆಂದರೆ ಅದರ ರುಚಿ ನಾನು ಉಂಡವನು. 1969ರಲ್ಲಿ, ನಾನು ಕಪ್ಪು ತೊಳೆಯುತ್ತಿದ್ದ ಹೋಟೆಲಿನ ಗಲ್ಲೆಯಿಂದ ಹತ್ತು ರೂಪಾಯಿಯ ಒಂದು ನೋಟು ಕಾಣೆಯಾಯಿತು. ಹತ್ತು ರೂಪಾಯಿಯೆಂದರೆ ಆಗ ನಮ್ಮಂಥ ಹುಡುಗರು ಕೈಯಲ್ಲಿ ಹಿಡಿದು ನೋಡದ ಮೊತ್ತ. ಗಲ್ಲೆಯ ಹತ್ತಿರ ಕಸ ಗುಡಿಸಿದವನು ನಾನು. ನನ್ನ ಟ್ರಂಕು ತೆರೆಸಿದರು. ಅದರಲ್ಲಿದ್ದದ್ದು ಎರಡು ಅಂಗಿ, ಊರಿನ ದೇವರ ಪ್ರಸಾದ, ತಾಯಿ ಬರೆಸಿದ್ದ ಒಂದು ಕಾಗದ. ಆಮೇಲೆ ಚೌಕಿಗೆ ಕರೆದೊಯ್ದರು. ಹವಾಲ್ದಾರ ಮರಾಠಿಯಲ್ಲಿ ಕೇಳಿದ, ನನಗೆ ಅರ್ಥವಾಗಲಿಲ್ಲ, ಉತ್ತರ ಕೊಡದ್ದಕ್ಕೆ ಕೆನ್ನೆಗೆ ಬಿತ್ತು. ಮೂರನೆಯ ದಿನ ಗಲ್ಲೆಯ ಡ್ರಾಯರಿಗೆ ಹಾಸಿದ ಹಳೆಯ ವೃತ್ತಪತ್ರಿಕೆಯನ್ನು ಬದಲಿಸುವಾಗ ನೋಟು ಅದರಡಿಯಲ್ಲಿ ಸಿಕ್ಕಿತು. ಯಾರೂ ಏನೂ ಅನ್ನಲಿಲ್ಲ. ನೋಟು ಪುನಃ ಗಲ್ಲೆಗೆ ಹೋಯಿತು, ನಾನು ಪುನಃ ಕಪ್ಪು ತೊಳೆಯಲು ಹೋದೆ. ಈ ಸಭೆಯಲ್ಲಿ ಕುಳಿತ ಹಳಬರಲ್ಲಿ ಎಷ್ಟು ಮಂದಿಯ ಟ್ರಂಕು ಹೀಗೆ ತೆರೆಯಲ್ಪಟ್ಟಿಲ್ಲ? ಚಮಚ ಕಡಿಮೆಯಾದರೂ ಮಾಣಿ, ಚಿಲ್ಲರೆ ಕಡಿಮೆಯಾದರೂ ಮಾಣಿ. ಇಂದು ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ, ಅವರ ಕೈಯಲ್ಲಿ ಫೋನಿದೆ. ಮಾಣಿಯ ಜಾಗಕ್ಕೆ ನಾವು ಇನ್ನೊಬ್ಬರ ಮಗನನ್ನು ನಿಲ್ಲಿಸಿದ್ದೇವೆ.

ನನ್ನ ಅಜ್ಜಿ ಒಂದು ಮಾತು ಹೇಳುತ್ತಿದ್ದಳು: ಕದ್ದವನಿಗೆ ಒಂದು ಪಾಪ, ಕಳಕೊಂಡವನಿಗೆ ಹತ್ತು ಪಾಪ. ಕದ್ದವನು ಮಾಡಿದ್ದು ಒಂದೇ ತಪ್ಪು; ಕಳಕೊಂಡವನು ಹತ್ತು ನಿರಪರಾಧಿಗಳ ಮೇಲೆ ಮನಸ್ಸಿನಲ್ಲೇ ತಪ್ಪು ಹೊರಿಸುತ್ತಾನೆ. ಇದು ಬಾಲ್ಯದಲ್ಲಿ ನನಗೆ ವಿಚಿತ್ರವಾಗಿ ಕಾಣುತ್ತಿತ್ತು. ಅಂದು ನಳದ ಸುದ್ದಿ ಕೇಳಿದಾಗ ಅರ್ಥವಾಯಿತು.

ಆ ಭಾನುವಾರವೇ ನಾನು ಮಗನನ್ನು ಕರೆದುಕೊಂಡು ಠಾಣೆಗೆ ಹೋದೆ. ಬರೆದುಕೊಳ್ಳುತ್ತಿದ್ದ ಅಧಿಕಾರಿ ಎಲ್ಲ ವಿವರ ಕೇಳಿ, ಕೊನೆಗೆ ಕೇಳಿದ ಪ್ರಶ್ನೆ ಇದು: "ಯಾರ ಮೇಲಾದರೂ ಸಂಶಯವಿದೆಯೇ?" ಮಗನ ಬಾಯಿಗೆ ಆ ಹೆಸರು ಬಂದಿತ್ತು. ನಾನು ಅವನ ತೊಡೆಯ ಮೇಲೆ ಕೈಯಿಟ್ಟು ಹೇಳಿದೆ: "ಸಾಹೇಬರೇ, ಏಳೆಂಟು ಹುಡುಗರು ಆಡುತ್ತಿದ್ದರು. ಮೈದಾನದಲ್ಲಿ ಹೊರಗಿನವರೂ ಓಡಾಡುತ್ತಿದ್ದರು. ಒಬ್ಬ ಹುಡುಗ ಬೇಗ ಎದ್ದುಹೋದನಂತೆ. ಯಾರೂ ತೆಗೆದದ್ದನ್ನು ಯಾರೂ ಕಂಡಿಲ್ಲ." ಕಂಡದ್ದನ್ನು ಮುಚ್ಚಲಿಲ್ಲ, ಕಾಣದ್ದನ್ನು ಸೇರಿಸಲಿಲ್ಲ. ಅಧಿಕಾರಿ ಅಷ್ಟನ್ನೇ ಬರೆದುಕೊಂಡರು.

ಇದೇ ನಾನು ಇಂದು ಹೇಳಬೇಕಾದ ಮುಖ್ಯ ಮಾತು. ಪೋಲೀಸರ ಬಳಿಗೆ ಕಳೆದ ವಸ್ತುವಿನ ವಿವರ ಹಿಡಿದು ಹೋಗಿರಿ, ಒಬ್ಬ ಮನುಷ್ಯನ ಹೆಸರು ಹಿಡಿದು ಹೋಗಬೇಡಿರಿ. ದೂರು ಕೊಡುವುದು ಒಂದು ಕೆಲಸ, ಕಳ್ಳನೆಂದು ಒಬ್ಬನನ್ನು ತೋರಿಸುವುದು ಬೇರೆಯೇ ಒಂದು ಕೆಲಸ. ನಾವು ಇವೆರಡನ್ನೂ ಒಂದೇ ಎಂದು ತಿಳಿದು, ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ಗಲ್ಲಿಯಲ್ಲಿ ಮಾಡಿ ಮುಗಿಸುತ್ತೇವೆ. ಪೋಲೀಸರಿಗೆ ಹೇಳದಿದ್ದರೆ ದಯೆ, ಹೇಳಿದರೆ ಕ್ರೌರ್ಯ ಎಂಬ ಭಾವನೆ ನಮ್ಮಲ್ಲಿದೆ. ನಮ್ಮ ಮನೆಯಲ್ಲಿ ನಡೆದದ್ದು ಇದಕ್ಕೆ ವಿರುದ್ಧ.

ಪೋಲೀಸರೆಂದರೆ ನಮ್ಮವರಿಗೆ ಹೆದರಿಕೆ ಇರುವುದು ಸಹಜ. 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾದ ಮೇಲಿನ ದಿನಗಳನ್ನು ಕಂಡ ಗಿರಣಿ ಬಂಧುಗಳು ಇಲ್ಲಿದ್ದಾರೆ. ನೀಲಿ ವ್ಯಾನು ಕಂಡರೆ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಅಂದಿನದು. ಆದರೂ ಹೆದರಿಕೆಗೆ ಮದ್ದು ತಿಳಿವಳಿಕೆ. ಆದುದರಿಂದ ಕಾಯಿದೆಯಲ್ಲಿ ಏನಿದೆಯೆಂದು ನಾನು ಕೇಳಿ ತಿಳಿದುಕೊಂಡಷ್ಟನ್ನು ಸರಳವಾಗಿ ಹೇಳುತ್ತೇನೆ.

2024ರ ಜುಲೈ 1ರಿಂದ ಹಳೆಯ ಇಂಡಿಯನ್ ಪೀನಲ್ ಕೋಡಿನ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303ನೆಯ ಕಲಮು ಕಳವಿನದು. ಮೊದಲ ಬಾರಿಯ ಅಪರಾಧಕ್ಕೆ ಮೂರು ವರ್ಷದವರೆಗೆ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಕೈಯಿಂದ ಕಸಿದು ಓಡುವುದಕ್ಕೆ ಬೇರೆ ಕಲಮಿದೆ, 304ನೆಯದು. ಒಂದು ಸಂಗತಿ ಗಮನದಲ್ಲಿಡಿರಿ: ಕಳವಾದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೋಲೀಸರು ತನಿಖೆಗೆ ಇಳಿಯುವಂತಿಲ್ಲ. ಮುಂಬಯಿಯಲ್ಲಿ ನಾವೆಲ್ಲ ಕೇಳಿರುವ 'ಎನ್.ಸಿ.' ಎಂಬುದು ಇದೇ. 5,000 ರೂಪಾಯಿಯೋ ಅದಕ್ಕೆ ಮೇಲೋ ಆದರೆ ಎಫ್.ಐ.ಆರ್. ಆಗಬೇಕು. ಫೋನಿನ ಬಿಲ್ಲನ್ನು ಜೋಪಾನ ಮಾಡಬೇಕಾದದ್ದು ಇದಕ್ಕೇ.

ಠಾಣೆಯವರು ಬರೆದುಕೊಳ್ಳದೆ ಹಿಂದಕ್ಕೆ ಕಳಿಸಿದರೆ? ಪೋಲೀಸರು ನೇರವಾಗಿ ಕೈಹಾಕಬಹುದಾದ ಅಪರಾಧದ ಸುದ್ದಿ ಬಂದಾಗ ಎಫ್.ಐ.ಆರ್. ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಗಣಕಯಂತ್ರದ ಮೂಲಕವೂ ಕಳಿಸಬಹುದು, ಆದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಪಾಳಿ ಬಿಟ್ಟು ಹೋಗಲಾರದ ನಮ್ಮವರಿಗೆ ಇದು ಉಪಯೋಗದ ಮಾತು. ಬರೆದದ್ದನ್ನು ನಿಮಗೆ ಓದಿ ಹೇಳಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಮರಾಠಿ ಓದಲು ಬಾರದವರು ಓದಬಲ್ಲ ಸಂಗಾತಿಯೊಬ್ಬನನ್ನು ಕರೆದುಕೊಂಡು ಹೋಗಿರಿ. ತಿಳಿಯದ ಕಾಗದಕ್ಕೆ ಸಹಿ ಹಾಕುವುದು ನಮ್ಮ ಹಳೆಯ ರೋಗ. ಠಾಣೆಯಲ್ಲಿ ನಿರಾಕರಿಸಿದರೆ ದೂರಿನ ಸಾರವನ್ನು ಬರೆದು ಅಂಚೆಯಲ್ಲಿ ಮೇಲಿನ ಅಧಿಕಾರಿಗೆ ಕಳಿಸಬಹುದು; ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿದ್ದಾರೆ. ರೈಲಿನಲ್ಲಿ ಕಳವಾದರೆ ರೈಲ್ವೆ ಪೋಲೀಸರ ಬಳಿ ಹೋಗಬೇಕು. 139ಕ್ಕೆ ಫೋನು ಮಾಡಿದರೆ ದಾರಿ ತೋರಿಸುತ್ತಾರೆ.

ಕೆಲವು ಕಡೆ "ಕಳವಾಯಿತೆಂದು ಏಕೆ ಬರೆಸುತ್ತೀರಿ, ಕಳೆದುಹೋಯಿತೆಂದು ಬರೆಸಿ" ಎಂಬ ಸಲಹೆ ಬರುತ್ತದೆ. ಎಲ್ಲಿ ಬಿತ್ತೋ ನಿಮಗೇ ತಿಳಿಯದಿದ್ದರೆ ಹಾಗೆ ಬರೆಸುವುದೇ ಪ್ರಾಮಾಣಿಕತನ. ಚೀಲದೊಳಗಿಂದ ಹೋಗಿದ್ದರೆ 'ಕಳವು' ಎಂದೇ ಹೇಳಿರಿ. ಕಳೆದುಹೋದ ವಸ್ತುವಿಗೆ ಕಳ್ಳನಿಲ್ಲ. ಕಳ್ಳನಿಲ್ಲದ ಮೇಲೆ ತನಿಖೆಯೂ ಇಲ್ಲ.

ತಾಯಂದಿರಿಗೆ ಒಂದು ಮಾತು. ಮಗುವನ್ನು ಠಾಣೆಗೆ ಎಳೆದಾಡಿಸುತ್ತಾರೆಂದು ಹೆದರಬೇಡಿರಿ. ಹದಿನೈದು ವರ್ಷದೊಳಗಿನ ಹುಡುಗನನ್ನಾಗಲಿ, ಹೆಂಗಸರನ್ನಾಗಲಿ, ಅರವತ್ತು ದಾಟಿದ ಮುದುಕರನ್ನಾಗಲಿ ಸಾಕ್ಷಿಗಾಗಿ ಠಾಣೆಗೆ ಬರಲೇಬೇಕೆಂದು ಪೋಲೀಸರು ಒತ್ತಾಯಿಸುವಂತಿಲ್ಲ. ಅವರಿರುವಲ್ಲಿಗೇ ಬಂದು ಕೇಳಬೇಕು.

ಇನ್ನು ಠಾಣೆಗೂ ಮೊದಲೇ ಮಾಡಬೇಕಾದ ಕೆಲಸ. ಮಗುವಿನ ಫೋನಿನಲ್ಲಿರುವ ಸಿಮ್ಮು ಸಾಮಾನ್ಯವಾಗಿ ತಂದೆಯ ಇಲ್ಲವೆ ತಾಯಿಯ ಹೆಸರಿನದು. ಆ ನಂಬರಿನಿಂದ ಯಾರಾದರೂ ಮೋಸ ಮಾಡಿದರೆ ಮೊದಲು ನಿಮ್ಮ ಬಾಗಿಲಿಗೇ ಬರುತ್ತಾರೆ. ಆದುದರಿಂದ ಮೊದಲ ಗಂಟೆಯಲ್ಲೇ ಕಂಪನಿಗೆ ಹೇಳಿ ಸಿಮ್ಮನ್ನು ನಿಲ್ಲಿಸಿರಿ. ಅದಕ್ಕೆ ಬ್ಯಾಂಕಿನ ಖಾತೆ ಜೋಡಿಸಿದ್ದರೆ ಬ್ಯಾಂಕಿಗೂ ತಿಳಿಸಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ. ಫೋನು ಅಗ್ಗದ್ದೇ ಆಗಿದ್ದರೂ ದೂರು ಬರೆಸಿಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೇ.

ಪ್ರತಿಯೊಂದು ಫೋನಿಗೂ ಐ.ಎಂ.ಇ.ಐ. ಎಂಬ 15 ಅಂಕಿಗಳ ಸಂಖ್ಯೆಯಿದೆ. ಎರಡು ಸಿಮ್ಮಿನ ಫೋನಿಗೆ ಎರಡು ಸಂಖ್ಯೆ. ಗಿರಣಿ ಕಾಮಗಾರನ ಬಿಲ್ಲೆಯ ನಂಬರಿನ ಹಾಗೆ ಅದು ಆ ಫೋನಿಗೇ ಸೇರಿದ್ದು, ಇನ್ನೊಂದಕ್ಕೆ ಇರುವುದಿಲ್ಲ. *#06# ಒತ್ತಿದರೆ ಪರದೆಯ ಮೇಲೆ ಕಾಣುತ್ತದೆ. ಪೆಟ್ಟಿಗೆಯ ಮೇಲೂ ಬರೆದಿರುತ್ತದೆ. ಕಳವಾದ ಮೇಲೆ ಒತ್ತಲು ಫೋನೇ ಇರುವುದಿಲ್ಲವಾದ್ದರಿಂದ ಇಂದೇ ಬರೆದಿಡಿರಿ. ಕೇಂದ್ರ ಸರಕಾರದ ಸಂಚಾರ್ ಸಾಥಿ ಎಂಬ ಜಾಲತಾಣ 2023ರ ಮೇ ತಿಂಗಳಿನಿಂದ ನಡೆಯುತ್ತಿದೆ. ಪೋಲೀಸ್ ದೂರಿನ ಪ್ರತಿ, ಈ ಸಂಖ್ಯೆ, ನಿಮ್ಮ ಗುರುತಿನ ಚೀಟಿ, ಅದೇ ನಂಬರಿನ ಹೊಸ ಸಿಮ್ಮು ಇಷ್ಟಿದ್ದರೆ ಅಲ್ಲಿ ಅರ್ಜಿ ಹಾಕಿ ಫೋನನ್ನು ಕಟ್ಟಿಹಾಕಿಸಬಹುದು. ಆಮೇಲೆ ಅದು ಭಾರತದ ಯಾವ ಕಂಪನಿಯ ಜಾಲದಲ್ಲೂ ಕೆಲಸ ಮಾಡುವುದಿಲ್ಲ. ಯಾರಾದರೂ ಸಿಮ್ಮು ತುರುಕಿದರೆ ಸುದ್ದಿ ಪೋಲೀಸರಿಗೆ ಹೋಗುತ್ತದೆ. ದೂರಿನ ಪ್ರತಿಯಿಲ್ಲದೆ ಈ ಅರ್ಜಿ ಸಾಗುವುದಿಲ್ಲ. ಸಿಕ್ಕೇ ಸಿಗುತ್ತದೆಂಬ ಭರವಸೆ ಯಾರೂ ಕೊಡಲಾರರು. ಆದರೆ ದೂರು ಕೊಡದವನ ಫೋನನ್ನು ಯಾರೂ ಹುಡುಕುವುದೂ ಇಲ್ಲ.

ಹಾಗಾದರೆ ಕದ್ದವನು ನಿಜವಾಗಿಯೂ ಒಬ್ಬ ಹುಡುಗನೇ ಆಗಿದ್ದರೆ? ಮೊಮ್ಮಗ ಕೇಳಿದ ಪ್ರಶ್ನೆಯೂ ಇದೇ ಆಗಿತ್ತು. ಹದಿನೆಂಟು ತುಂಬದವನನ್ನು ಕಾಯಿದೆ ಕಳ್ಳನೆಂದು ಕರೆಯುವುದಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅವನನ್ನು ಲಾಕಪ್ಪಿನಲ್ಲಿಯೂ ಜೈಲಿನಲ್ಲಿಯೂ ಇಡುವಂತಿಲ್ಲ, ಕೈಗೆ ಬೇಡಿ ಹಾಕುವಂತಿಲ್ಲ; ತಂದೆತಾಯಿಗಳಿಗೆ ತಿಳಿಸಬೇಕು; 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಆ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕರು. ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಇಂಥ ಸಣ್ಣ ಕಳವಿಗೆ, ದೊಡ್ಡವರು ಜೊತೆಗಿಲ್ಲದಿದ್ದರೆ, ಹುಡುಗನ ಮೇಲೆ ಎಫ್.ಐ.ಆರ್. ಕೂಡ ಇಲ್ಲ, ಠಾಣೆಯ ದಿನಚರಿಯಲ್ಲಿ ಬರೆದು ಮನೆಯ ಸ್ಥಿತಿಗತಿಯ ವರದಿಯೊಡನೆ ಮಂಡಳಿಗೆ ಕಳಿಸುತ್ತಾರೆ. ಬುದ್ಧಿ ಹೇಳಿ ಮನೆಗೆ ಕಳಿಸುವ ಅಧಿಕಾರವೂ ಮಂಡಳಿಗಿದೆ. ಮುಂದೆ ನೌಕರಿಗೆ ಇದು ಅಡ್ಡಬರಬಾರದೆಂದೂ, ಅವನ ಹೆಸರನ್ನು ಎಲ್ಲಿಯೂ ಪ್ರಕಟಿಸಬಾರದೆಂದೂ ಕಾಯಿದೆಯಲ್ಲಿದೆ.

ಈಗ ಹೋಲಿಸಿ ನೋಡಿರಿ. ಕಾಯಿದೆ ಹೆಸರು ಮುಚ್ಚಿಡು ಎನ್ನುತ್ತದೆ. ನಾವು ನಳದ ಬಳಿ ಸಾರಿದೆವು. ಹೊಡೆಯಬೇಡ ಎನ್ನುತ್ತದೆ, ನಾವು ಗಚ್ಚಿಗೆ ಒಯ್ದೆವು. ತಾಯಿಯನ್ನು ಕರೆದು ಹೇಳು ಎನ್ನುತ್ತದೆ. ನಾವು ತಾಯಿಯ ಕೆಲಸ ಕಿತ್ತೆವು. ಕಾಗದದ ಮೇಲಿದ್ದದ್ದೆಲ್ಲ ಚೌಕಿಯಲ್ಲಿ ಹಾಗೆಯೇ ನಡೆಯುತ್ತದೆಂದು ನಾನು ಹೇಳಲಾರೆ. ನನ್ನ ಕೆನ್ನೆಗೇ ಅದರ ಅನುಭವವಿದೆ. ಅದಕ್ಕೇ ಒಂಟಿಯಾಗಿ ಹೋಗಬಾರದು, ಇಬ್ಬರಾಗಿ ಹೋಗಬೇಕು. ಮಕ್ಕಳಿಗೆ ಅನ್ಯಾಯವಾಗುತ್ತಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಯಿದೆ. ಆ ಸೇವೆ ಮೊದಲಾದದ್ದೇ ನಮ್ಮ ಮುಂಬಯಿಯಲ್ಲಿ, 1996ರಲ್ಲಿ. ಹೋಟೆಲಿನ ಬಂಧುಗಳಿಗೆ ಇನ್ನೊಂದು ಎಚ್ಚರಿಕೆ: ಸಂಶಯದ ಮೇಲೆ ಒಬ್ಬನನ್ನು ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು ಸ್ವತಃ ಅಪರಾಧ. ಹಾಗೆ ಮಾಡಿದರೆ ದೂರುಗಾರನಾಗಿ ಹೋಗಬೇಕಾದವನು ಆರೋಪಿಯಾಗಿ ಹೋಗಬೇಕಾದೀತು.

ಎಲ್ಲ ಸಂದರ್ಭದಲ್ಲೂ ಪೋಲೀಸರೇ ಬೇಕೆಂದು ನನ್ನ ಹಟವಿಲ್ಲ. ಹುಡುಗನೊಬ್ಬನು ತಾನಾಗಿ ತಾಯಿಯೊಡನೆ ಬಂದು ಫೋನು ಕೊಟ್ಟು ತಪ್ಪಾಯಿತೆಂದರೆ, ಎರಡು ಮನೆಗಳೊಳಗೆ ಮುಗಿಸುವುದು ತಪ್ಪಲ್ಲ. ದೂರು ಕೊಟ್ಟ ಮೇಲೂ ಕಳವಿನ ಮೊಕದ್ದಮೆಯಲ್ಲಿ ಮಾಲಿನ ಒಡೆಯ ರಾಜಿಯಾಗಲು ಕಾಯಿದೆ ದಾರಿ ಬಿಟ್ಟಿದೆ. ಆದರೆ ಹೆದರಿಸಿ ಒಪ್ಪಿಸುವುದು ರಾಜಿಯಲ್ಲ. ಇದಕ್ಕೆ ಎದುರಾಗಿ ಕೆಲವು ಸಂದರ್ಭಗಳಲ್ಲಿ ಯೋಚನೆಗೇ ಸಮಯವಿಲ್ಲ: ಮಗುವನ್ನು ಹೊಡೆದು ಕಸಿದಿದ್ದರೆ, ದೊಡ್ಡವರು ಹುಡುಗರನ್ನು ಮುಂದೆ ಬಿಟ್ಟು ಕದಿಸುತ್ತಿದ್ದರೆ, ಹೆಣ್ಣುಮಗುವಿನ ಭಾವಚಿತ್ರಗಳನ್ನು ಹಿಡಿದು ಹೆದರಿಸುತ್ತಿದ್ದರೆ, ಪಾಳಿ ಹೋದರೂ ಸರಿಯೆ, ಆ ಕ್ಷಣವೇ ಹೋಗಿರಿ.

ನಮ್ಮ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇನೆ. ನಾಲ್ಕು ತಿಂಗಳಾದ ಮೇಲೆ ಠಾಣೆಯಿಂದ ಕರೆ ಬಂತು. ಫೋನು ದೂರದ ಒಂದು ಊರಿನಲ್ಲಿ, ಹಳೆಯ ಫೋನಿನ ಅಂಗಡಿಯಿಂದ ಬಿಲ್ಲಿಲ್ಲದೆ ಕೊಂಡಿದ್ದ ಒಬ್ಬ ಗೃಹಸ್ಥರಲ್ಲಿ ಸಿಕ್ಕಿತ್ತು. ಅಂಗಡಿಗೆ ಮಾರಿದವನು ಯಾರೆಂದು ತಿಳಿಯಲಿಲ್ಲ. ಕೋರ್ಟಿನ ಅಪ್ಪಣೆಯಾಗಿ ಫೋನು ನಮ್ಮ ಕೈಗೆ ಬಂತು. ಚಾಳಿನಲ್ಲಿ ಒಬ್ಬರು, "ಅಂಗಡಿಗೆ ಕೊಟ್ಟವನು ಆ ಹುಡುಗನೇ ಇರಬಹುದಲ್ಲ?" ಎಂದರು. ಇರಬಹುದು, ನೀವೂ ಇರಬಹುದು, ನಾನೂ ಇರಬಹುದು. ಸಂಶಯಕ್ಕೆ 'ಇರಬಹುದು' ಎಂಬ ಒಂದು ಮಾತು ಸಾಕು, ಅದು ಎಂದಿಗೂ ಸಾಯುವುದಿಲ್ಲ.

ಫೋನು ಬಂತು, ಆ ತಾಯಿ-ಮಗ ಮಾತ್ರ ಮರಳಿ ಬರಲಿಲ್ಲ. ಗಲ್ಲಿ ಬಿಟ್ಟು ಹೋಗಿದ್ದರು. ವಿಚಾರಿಸಿಕೊಂಡು ಹೋಗಿ, ಇನ್ನೊಂದು ಹೋಟೆಲಿನ ಹಿಂಬಾಗಿಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಆಕೆಯನ್ನು ಕಂಡೆ. ಸೊಸೆಯೂ ಜೊತೆಗಿದ್ದಳು. ಇಬ್ಬರೂ ಕೈಮುಗಿದೆವು. ಆಕೆ ಕೈಯೊರಸಿಕೊಂಡು ಎದ್ದು ನಿಂತು, "ಇರ್ಲಿ ಬಿಡ್ರಿ ಯಜಮಾನ್ರ. ನಿಮ್ಮ ಫೋನ್ ಸಿಕ್ತಲ್ಲ, ಅಷ್ಟ ಸಾಕು" ಎಂದಳು. ಮಗ ಎಲ್ಲಿ ಎಂದು ಕೇಳಿದೆ. "ಸಾಲಿಗಿ ಹೋಗಂಗಿಲ್ಲ ಅಂತಾನ್ರಿ. ಕೆಲಸಾ ನೋಡ್ತೀನಿ ಅಂತಾನ" ಎಂದಳು. ಅಂದು ಮೈದಾನದಿಂದ ಬೇಗ ಏಕೆ ಹೋಗಿದ್ದನೆಂದು ಆಗ ಕೇಳಿದೆ. ಸಂಜೆ ಆರಕ್ಕೆ ನೀರು ಬರುತ್ತದೆ, ಕೊಡ ತುಂಬಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಂತೆ. ಇದನ್ನು ಆ ರಾತ್ರಿಯೇ ಕೇಳಬಹುದಿತ್ತು.

ಬಂಧುಗಳೇ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತನ್ನು ಹಿಂದಕ್ಕೆ ತರಲಾರೆ. ಆದರೆ ಸಂಘದ ಮುಂದೆ ಮೂರು ಬಿನ್ನಹಗಳನ್ನು ಇಡುತ್ತೇನೆ. ಮೊದಲನೆಯದು, ಪ್ರತಿ ಸದಸ್ಯನ ಮನೆಯ ಫೋನುಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಬಿಲ್ಲಿನೊಡನೆ ಟ್ರಂಕಿನಲ್ಲಿಡುವ ಅಭ್ಯಾಸವನ್ನು ಈ ತಿಂಗಳೇ ಆರಂಭಿಸೋಣ. ಎರಡನೆಯದು, ಮರಾಠಿ ಬಲ್ಲ ಇಬ್ಬರು ಸದಸ್ಯರನ್ನು ಗೊತ್ತುಮಾಡಿ, ಠಾಣೆಗೆ ಹೋಗಬೇಕಾದವರ ಜೊತೆಗೆ ಕಳಿಸೋಣ. ದೂರು ಕೊಡುವವನ ಜೊತೆಗೂ, ಸಂಶಯಕ್ಕೆ ಗುರಿಯಾದ ಹುಡುಗನ ತಾಯಿಯ ಜೊತೆಗೂ. ಮೂರನೆಯದು, ಆ ಹುಡುಗನಿಗೆ ರಾತ್ರಿ ಶಾಲೆಯಲ್ಲಿ ಒಂದು ಸ್ಥಾನ ಕೇಳಿಕೊಡಲು ಸಂಘ ನನ್ನೊಡನೆ ಬರಬೇಕು. ಪುಸ್ತಕದ ಖರ್ಚು ನನ್ನದು. ಅವನು ಬರಬಹುದು, ಬರದಿರಬಹುದು. ಹೋಗಿ ಕರೆಯುವುದು ನಮ್ಮ ಕೆಲಸ.